ರೋಗಿಯ ಮಂಚದ ಬಳಿ ನಾವಾಡುವ ಸುಳ್ಳು



ಗುಣವಾಗದ ಕಾಯಿಲೆಯಿಂದ ಮಲಗಿದ ನೆಂಟರನ್ನೋ ನೆರೆಯವರನ್ನೋ ನೋಡಲು ನೀವು ಹೋಗಿಯೇ ಇರುತ್ತೀರಿ. ಕೈಯಲ್ಲಿ ಒಂದು ಬ್ರೆಡ್ಡು, ನಾಲ್ಕು ಮೋಸಂಬಿ. ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತ ಮೇಲೆ ನೀವು ಆಡಿದ ಮೊದಲ ಮಾತು ಯಾವುದು, ಸ್ವಲ್ಪ ನೆನಪು ಮಾಡಿಕೊಳ್ಳಿ. "ಏನೂ ಆಗೋದಿಲ್ಲ, ಧೈರ್ಯವಾಗಿರಿ. ಕ್ರಿಸ್ಮಸ್ ಹೊತ್ತಿಗೆ ಎದ್ದು ಓಡಾಡ್ತೀರಿ" ಎಂದಿರಲ್ಲವೇ? ಆಮೇಲೆ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಮನೆಯವರ ಕಿವಿಯ ಹತ್ತಿರ ಬಾಗಿ, "ಡಾಕ್ಟರು ಇನ್ನೆಷ್ಟು ದಿನ ಅಂದ್ರು?" ಎಂದು ಕೇಳಿದಿರಲ್ಲವೇ?

ನಿಮ್ಮ ಮೇಲೆ ತಪ್ಪು ಹೊರಿಸಲು ಈ ಮಾತನ್ನು ಎತ್ತಿಲ್ಲ. ಹಾಗೆ ಮಾಡಿದವರಲ್ಲಿ ನಾನೂ ಒಬ್ಬ. ಪ್ರೀತಿಯಿಂದಲೇ ಆಡಿದ ಮಾತು ಅದು, ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪ್ರೀತಿಯಿಂದ ಆಡಿದ ಸುಳ್ಳು ರೋಗಿಗೆ ಸಮಾಧಾನ ಕೊಡುತ್ತದೆಯೋ, ಇಲ್ಲ ನಮಗೆ ಸಮಾಧಾನ ಕೊಡುತ್ತದೆಯೋ?

ಮೊದಲು ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನಮ್ಮ ತಂದೆಯವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದಾಗ ಅವರಿಗೆ 68 ವರ್ಷ. ಡಾಕ್ಟರು ನಮ್ಮಣ್ಣನನ್ನೂ ನನ್ನನ್ನೂ ಮಾತ್ರ ಒಳಗೆ ಕರೆದು ವಿಷಯ ತಿಳಿಸಿದರು. ಅಪ್ಪನಿಗೆ ಹೇಳುವುದು ಬೇಡವೆಂದು ನಾವಿಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೇ ತೀರ್ಮಾನ ಮಾಡಿಬಿಟ್ಟೆವು. "ಹೊಟ್ಟೆಯಲ್ಲಿ ಹುಣ್ಣಾಗಿದೆ ಅಪ್ಪಾ, ಮೂರು ತಿಂಗಳು ಮಾತ್ರೆ ತಗೊಂಡ್ರೆ ವಾಸಿಯಾಗುತ್ತೆ" ಎಂದೆವು. ಅಪ್ಪ ತಲೆಯಾಡಿಸಿದರು. ಅಮ್ಮನಿಗೂ ಅದೇ ಮಾತು, ಬಂದು ಹೋಗುವವರಿಗೂ ಅದೇ ಮಾತು. ಮನೆಯೇ ಒಂದು ನಾಟಕದ ರಂಗವಾಯಿತು.

ಒಂದು ರಾತ್ರಿ ನಾನೊಬ್ಬನೇ ಪಕ್ಕದಲ್ಲಿದ್ದೆ. ಅಪ್ಪ ಇದ್ದಕ್ಕಿದ್ದಂತೆ, "ನಿಮ್ಮ ಚಿಕ್ಕಪ್ಪ ಹೇಗಿದ್ದಾನೋ ಏನೋ" ಎಂದರು. ಗದ್ದೆಯ ಬದುವಿನ ವಿಚಾರಕ್ಕೆ ಅಣ್ಣತಮ್ಮಂದಿರ ನಡುವೆ 11 ವರ್ಷದಿಂದ ಮಾತಿರಲಿಲ್ಲ. ಅಪ್ಪ ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯದೆ ಇರಲಿಲ್ಲ. ಆದರೆ ಚಿಕ್ಕಪ್ಪನನ್ನು ಕರೆಸಿದರೆ ನಾವು ಮುಚ್ಚಿಟ್ಟಿದ್ದು ಬಯಲಾಗುತ್ತದೆ ಎಂಬ ಭಯ. "ನೀವು ಮೊದಲು ಹುಷಾರಾಗಿ ಅಪ್ಪಾ, ಆಮೇಲೆ ಎಲ್ಲ ನೋಡೋಣ" ಎಂದೆ. ಅವರು ಗೋಡೆಯ ಕಡೆಗೆ ಹೊರಳಿಕೊಂಡರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಚಿಕ್ಕಪ್ಪ ಬಂದದ್ದು ಪೆಟ್ಟಿಗೆಯ ಮುಚ್ಚಳ ಹಾಕುವ ಹೊತ್ತಿಗೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ದೊಡ್ಡವರು ಹೇಳುತ್ತಾರೆ. ತನ್ನ ಮೈಯೊಳಗೆ ಏನಾಗುತ್ತಿದೆ ಎಂಬುದು ಮಲಗಿದವನಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಈ ಸತ್ಯ ನನಗೆ ಮನವರಿಕೆಯಾದದ್ದು ಅಪ್ಪ ಹೋಗಿ ಹಲವು ವರ್ಷಗಳಾದ ಮೇಲೆ. ತಿಳಿಸಿಕೊಟ್ಟದ್ದು ವೈದ್ಯಶಾಸ್ತ್ರದ ಪುಸ್ತಕವಲ್ಲ, ಧರ್ಮೋಪದೇಶದ ಪುಸ್ತಕವೂ ಅಲ್ಲ, ಒಂದು ಕಥೆ. ಅಂಥ ಮೂರು ಪುಸ್ತಕಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ. ಒಂದು ರಷ್ಯಾದ್ದು, ಒಂದು ಇಂಗ್ಲೆಂಡಿನದು, ಮತ್ತೊಂದು ನಮ್ಮ ಮೈಸೂರಿನ ಮನೆಯೊಂದರಲ್ಲಿ ಬೆಳೆದದ್ದು.

ನ್ಯಾಯಾಧೀಶನ ಕೋಣೆ

ಲಿಯೋ ಟಾಲ್‌ಸ್ಟಾಯ್ 1886ರಲ್ಲಿ 'ಇವಾನ್ ಇಲಿಯಿಚ್‌ನ ಸಾವು' ಎಂಬ ಕಿರುಕಾದಂಬರಿಯನ್ನು ಪ್ರಕಟಿಸಿದರು. ತುಲಾ ಪಟ್ಟಣದ ನ್ಯಾಯಾಲಯದಲ್ಲಿದ್ದ ಇವಾನ್ ಇಲಿಯಿಚ್ ಮೆಚ್ನಿಕೋವ್ ಎಂಬವರು 1881ರಲ್ಲಿ ತೀರಿಕೊಂಡಿದ್ದರು. ಅವರ ಕೊನೆಗಾಲದ ಸಂಗತಿಯೇ ಈ ಕಥೆಗೆ ಬೀಜವಾಯಿತು. ಟಾಲ್‌ಸ್ಟಾಯ್ ಅವರಿಗೆ ಸಾವು ದೂರದ ಸುದ್ದಿಯಾಗಿರಲಿಲ್ಲ. ಅವರ ಇಬ್ಬರು ಸಹೋದರರು, 1856ರಲ್ಲಿ ದ್ಮಿತ್ರಿ ಮತ್ತು 1860ರಲ್ಲಿ ನಿಕೊಲಾಯ್, ಕ್ಷಯರೋಗದಿಂದ ಸತ್ತಿದ್ದರು.

ಕಥೆಯ ಇವಾನ್ ಇಲಿಯಿಚ್‌ಗೆ 45 ವರ್ಷ. ಒಳ್ಳೆಯ ಹುದ್ದೆ, ಒಳ್ಳೆಯ ಸಂಬಳ, ಹೊಸ ಮನೆ. ಆ ಮನೆಗೆ ಪರದೆ ಹೇಗೆ ಹಾಕಬೇಕೆಂದು ಕೆಲಸದವನಿಗೆ ತೋರಿಸಲು ಏಣಿ ಹತ್ತುತ್ತಾನೆ. ಕಾಲು ಜಾರಿ ಪಕ್ಕೆಗೆ ಕಿಟಕಿಯ ಚೌಕಟ್ಟಿನ ಹಿಡಿ ಬಡಿಯುತ್ತದೆ. ಸಣ್ಣ ಪೆಟ್ಟು ಎಂದು ನಕ್ಕು ಮರೆಯುತ್ತಾನೆ. ಕೆಲವು ದಿನಗಳಲ್ಲಿ ಬಾಯಿಯಲ್ಲಿ ಏನೋ ಕೆಟ್ಟ ರುಚಿ, ಪಕ್ಕೆಯಲ್ಲಿ ಭಾರ, ಆಮೇಲೆ ಬಿಡದ ನೋವು. ಒಬ್ಬರ ಮೇಲೊಬ್ಬರು ವೈದ್ಯರು ಬಂದು, ತೊಂದರೆ ಮೂತ್ರಪಿಂಡದ್ದೋ ಕರುಳಿನದ್ದೋ ಎಂದು ಚರ್ಚಿಸುತ್ತಾರೆ. ಅವನಿಗೆ ಬೇಕಾದದ್ದು ಒಂದೇ ಉತ್ತರ. ಇದು ಅಪಾಯವೋ ಅಲ್ಲವೋ? ಅದನ್ನು ಯಾರೂ ಹೇಳುವುದಿಲ್ಲ. ಆಗ ಅವನಿಗೆ ಹೊಳೆಯುತ್ತದೆ, ತಾನು ನ್ಯಾಯಪೀಠದಲ್ಲಿ ಕುಳಿತು ಆರೋಪಿಗಳ ಮುಂದೆ ಹೇಗೆ ಮುಖ ಗಂಟಿಕ್ಕಿಕೊಂಡಿದ್ದೆನೋ ವೈದ್ಯರೂ ತನ್ನ ಮುಂದೆ ಹಾಗೆಯೇ ಇದ್ದಾರೆ ಎಂದು.

ಓದುಗರೇ, ಈ ಕಥೆಯಲ್ಲಿ ನೋವಿಗಿಂತ ಹೆಚ್ಚಾಗಿ ಅವನನ್ನು ಹಿಂಸಿಸುವುದು ಯಾವುದು ಗೊತ್ತೇ? ಸುತ್ತಲಿನವರ ಸುಳ್ಳು. ಅವನು ಸಾಯುತ್ತಿಲ್ಲ, ಸ್ವಲ್ಪ ಕಾಯಿಲೆ ಅಷ್ಟೆ, ಔಷಧ ತೆಗೆದುಕೊಂಡು ಸುಮ್ಮನಿದ್ದರೆ ಸರಿಹೋಗುತ್ತದೆ ಎಂದು ಹೆಂಡತಿ, ಮಗಳು, ವೈದ್ಯರು, ಗೆಳೆಯರು ಎಲ್ಲರೂ ನಟಿಸುತ್ತಾರೆ. ಸಾಲದ್ದಕ್ಕೆ ಆ ನಟನೆಯಲ್ಲಿ ಅವನೂ ಪಾಲುಗಾರನಾಗಬೇಕು ಎಂದು ಬಯಸುತ್ತಾರೆ. ಜೀವನದ ಅತಿ ಗಂಭೀರ ಘಳಿಗೆಯನ್ನು ಅವರು ಪರದೆ, ಊಟ, ನಾಟಕದ ಟಿಕೆಟ್ಟು ಇವುಗಳ ಮಟ್ಟಕ್ಕೆ ಇಳಿಸಿಬಿಟ್ಟಿದ್ದಾರೆ. ಗಡ್ಡ ನರೆಯುತ್ತಿರುವ ಈ ದೊಡ್ಡ ಅಧಿಕಾರಿಯ ಮನಸ್ಸು ಬಯಸುವುದು ಒಂದನ್ನೇ. ಕಾಯಿಲೆಯ ಮಗುವನ್ನು ತಾಯಿ ಮಡಿಲಲ್ಲಿಟ್ಟು ಸಂತೈಸುವ ಹಾಗೆ ಯಾರಾದರೂ ತನ್ನನ್ನು ಸಂತೈಸಬೇಕು. ಅದನ್ನು ಕೇಳಲು ನಾಚಿಕೆ. ಕೊಡಲು ಯಾರಿಗೂ ತೋಚುವುದಿಲ್ಲ.

ಒಬ್ಬನಿಗೆ ಮಾತ್ರ ತೋಚುತ್ತದೆ. ಅವನು ಗೆರಾಸಿಮ್, ಅಡುಗೆಮನೆಯ ಕಡೆ ಕೆಲಸ ಮಾಡುವ ಹಳ್ಳಿಯ ಹುಡುಗ. ಯಜಮಾನನ ಮಲಮೂತ್ರದ ಪಾತ್ರೆಯನ್ನು ಅಸಹ್ಯಪಡದೆ ತೆಗೆಯುತ್ತಾನೆ. ಕಾಲು ಎತ್ತರದಲ್ಲಿದ್ದರೆ ನೋವು ಕಡಿಮೆ ಎಂದು ಯಜಮಾನನಿಗೆ ಅನ್ನಿಸಿದಾಗ, ಆ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಕೂರುತ್ತಾನೆ. ನೀವು ಸಾಯುವುದಿಲ್ಲ ಎಂದು ಅವನು ಹೇಳುವುದಿಲ್ಲ. ಎಲ್ಲರೂ ಒಂದು ದಿನ ಹೋಗುವವರೇ, ಇವತ್ತು ನಿಮಗಾಗಿ ಸ್ವಲ್ಪ ಕಷ್ಟಪಟ್ಟರೆ ನನಗೇನು ನಷ್ಟ ಎಂಬುದು ಅವನ ಧೋರಣೆ. ಸುಳ್ಳಾಡದ ಆ ಹುಡುಗನ ಜೊತೆ ಮಾತ್ರ ಇವಾನ್ ಇಲಿಯಿಚ್‌ಗೆ ನೆಮ್ಮದಿ.

ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚುವ ಪ್ರಸಂಗ ಇನ್ನೊಂದಿದೆ. ಹೆಂಡತಿಯ ಒತ್ತಾಯದ ಮೇಲೆ ಗುರುಗಳು ಬರುತ್ತಾರೆ. ಅವನು ಪಾಪನಿವೇದನೆ ಮಾಡುತ್ತಾನೆ, ಪ್ರಸಾದ ಸ್ವೀಕರಿಸುತ್ತಾನೆ, ಕಣ್ಣಲ್ಲಿ ನೀರು ಬರುತ್ತದೆ. ಸ್ವಲ್ಪ ಹಗುರಾದಂತೆ ಅನ್ನಿಸುತ್ತದೆ. ಆಗ ಹೆಂಡತಿ ಒಳಗೆ ಬಂದು, ಈಗ ಆರಾಮಲ್ಲವೇ ಎಂದು ಕೇಳುತ್ತಾಳೆ. ಅವನು ಅವಳ ಮುಖ ನೋಡದೆ ಹೌದೆನ್ನುತ್ತಾನೆ. ಆ ಕ್ಷಣವೇ ಸಿಕ್ಕಿದ್ದ ಶಾಂತಿ ಮುರಿದುಬೀಳುತ್ತದೆ. ಸಂಸ್ಕಾರದಲ್ಲಿ ಕೊರತೆಯಿರಲಿಲ್ಲ. ಅದನ್ನೂ ತಮ್ಮ ನಟನೆಯ ಒಂದು ಅಂಕವಾಗಿ ಮಾಡಿಕೊಂಡವರಲ್ಲಿ ಕೊರತೆಯಿತ್ತು. ನಮ್ಮ ಮನೆಗಳಲ್ಲೂ ರೋಗಿ ಎಲ್ಲಿ ಗಾಬರಿಯಾಗುತ್ತಾರೋ ಎಂದು ಅಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಪ್ರಜ್ಞೆ ತಪ್ಪುವವರೆಗೂ ಕರೆಸದೆ ಇರುವುದುಂಟು. ಎಚ್ಚರವಿರುವಾಗ ಸಿಗಬೇಕಾದ ಬಲವನ್ನು ಹೀಗೆ ನಾವೇ ತಪ್ಪಿಸುತ್ತೇವೆ.

ಮೂರು ದಿನ ಅವನು ಕೂಗುತ್ತಾನೆ. ಕೊನೆಯಲ್ಲಿ ಶಾಲೆಗೆ ಹೋಗುವ ಮಗ ಮೆಲ್ಲಗೆ ಹತ್ತಿರ ಬಂದು ಅಪ್ಪನ ಕೈಯನ್ನು ತುಟಿಗೊತ್ತಿಕೊಂಡು ಅಳುತ್ತಾನೆ. ಆಗ ಇವಾನ್ ಇಲಿಯಿಚ್‌ಗೆ ಮೊದಲ ಸಲ ಬೇರೆಯವರ ನೋವು ಕಾಣುತ್ತದೆ. ಕ್ಷಮಿಸಿ ಎನ್ನಲು ಹೋಗಿ ನಾಲಗೆ ತಡವರಿಸಿ ಬೇರೇನೋ ಆಡುತ್ತಾನೆ. ಸಾವಿನ ಭಯ ಅಲ್ಲಿಗೆ ಕರಗುತ್ತದೆ. ಅವನ ದೇಹ ವಾಸಿಯಾಗಲಿಲ್ಲ, ಆದರೂ ಅವನೊಳಗೆ ಏನೋ ಗುಣವಾಯಿತು.

ಈ ಪುಟಗಳನ್ನು ಓದುವಾಗ ನನಗೆ ಕಂಡದ್ದು ಗೋಡೆಯ ಕಡೆಗೆ ಹೊರಳಿಕೊಂಡ ನಮ್ಮ ಅಪ್ಪ. ಅವರೂ ಕ್ಷಮಿಸು ಎನ್ನಲು ಒಬ್ಬರನ್ನು ಹುಡುಕುತ್ತಿದ್ದರು. ಆ ದಾರಿಗೆ ಅಡ್ಡ ನಿಂತವನು ನಾನು.

ಉತ್ತರ ಬಲ್ಲ ಪಂಡಿತನ ಅಳಲು

ಕಥೆಗೆ ಒಂದು ಶಕ್ತಿಯಿದೆ. ಸತ್ತವರು ಬಂದು ತಮ್ಮ ಕೊನೆಯ ಘಳಿಗೆಯನ್ನು ಬರೆಯಲಾರರು. ಕಥೆಗಾರ ಮಾತ್ರ ನಮ್ಮನ್ನು ಆ ಮನಸ್ಸಿನೊಳಕ್ಕೆ ಕರೆದೊಯ್ಯಬಲ್ಲ. ಆದರೆ ಉಳಿದವರ ದುಃಖದ ಮಾತು ಬಂದರೆ, ಅದನ್ನು ಉಂಡವರೇ ಬರೆದ ಸ್ಮರಣೆಗೆ ಬೇರೆಯೇ ತೂಕವಿದೆ. ಏಕೆಂದರೆ ಬರೆಯುವವನಿಗೆ ನಾಳೆ ತನ್ನ ಮನಸ್ಸು ಹೇಗಿರುತ್ತದೆಂದು ಗೊತ್ತಿರುವುದಿಲ್ಲ.

ಸಿ. ಎಸ್. ಲೂಯಿಸ್ ಎಂಬ ಇಂಗ್ಲಿಷ್ ಲೇಖಕರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಹುಟ್ಟಿದ್ದು 1898ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ಆಂಗ್ಲಿಕನ್ ಸಭೆಗೆ ಸೇರಿದ ವಿದ್ವಾಂಸರು. ಒಂಬತ್ತು ವರ್ಷದ ಹುಡುಗನಾಗಿದ್ದಾಗ, 1908ರಲ್ಲಿ, ಅವರ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ತಾಯಿ ಬದುಕಲೆಂದು ಆ ಹುಡುಗ ಮಾಡಿದ ಪ್ರಾರ್ಥನೆ ಫಲಿಸಲಿಲ್ಲ. ಮುಂದೆ ನಂಬಿಕೆ ಕಳೆದುಕೊಂಡು, ಮತ್ತೆ ಪಡೆದು, 1940ರಲ್ಲಿ ನೋವಿನ ಸಮಸ್ಯೆಯ ಬಗ್ಗೆ ಒಂದು ಪುಸ್ತಕ ಬರೆದರು. ದೇವರು ಒಳ್ಳೆಯವನಾದರೆ ಲೋಕದಲ್ಲಿ ಇಷ್ಟೊಂದು ನೋವು ಏಕೆ ಎಂಬುದಕ್ಕೆ ಅದು ಬುದ್ಧಿಗೊಪ್ಪುವ ಉತ್ತರ ಕೊಡುವ ಗ್ರಂಥ.

ಅನಂತರ ಅವರ ಬಾಳಿನಲ್ಲಿ ಜಾಯ್ ಡೇವಿಡ್‌ಮನ್ ಎಂಬ ಅಮೆರಿಕದ ಲೇಖಕಿ ಬಂದರು. ಮೂಳೆಗೆ ಹರಡಿದ ಕ್ಯಾನ್ಸರಿನಿಂದ ಆಕೆ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ, 1957ರ ಮಾರ್ಚ್ 21ರಂದು, ಮಂಚದ ಬಳಿ ಅವರ ವಿವಾಹ ವಿಧಿ ನಡೆಯಿತು. ಯಾರೂ ನಿರೀಕ್ಷಿಸದಂತೆ ಆಕೆ ಚೇತರಿಸಿಕೊಂಡು ನಡೆದಾಡಿದರು. 1960ರ ಏಪ್ರಿಲ್‌ನಲ್ಲಿ ಗಂಡಹೆಂಡಿರು ಗ್ರೀಸ್ ದೇಶಕ್ಕೂ ಹೋಗಿಬಂದರು. ಕಾಯಿಲೆ ಮರಳಿತು. ಅದೇ ವರ್ಷದ ಜುಲೈ 13ರಂದು ಆಕೆ ತೀರಿಕೊಂಡರು.

ಆಗ ಲೂಯಿಸ್ ಮನೆಯಲ್ಲಿದ್ದ ನೋಟುಬುಕ್ಕುಗಳಲ್ಲಿ ತಮ್ಮ ದುಃಖವನ್ನು ಬರೆಯತೊಡಗಿದರು. ಅದು 1961ರಲ್ಲಿ ಪುಸ್ತಕವಾಯಿತು. ಮುಖಪುಟದ ಮೇಲೆ ಅವರ ಹೆಸರಿರಲಿಲ್ಲ, ಎನ್. ಡಬ್ಲ್ಯೂ. ಕ್ಲರ್ಕ್ ಎಂಬ ಕಲ್ಪಿತ ಹೆಸರಿತ್ತು. 1963ರಲ್ಲಿ ಅವರು ತೀರಿಕೊಂಡ ಮೇಲೆಯೇ ಅದು ಅವರ ನಿಜ ಹೆಸರಿನಲ್ಲಿ ಬಂದದ್ದು. ಇಪ್ಪತ್ತು ವರ್ಷದ ಹಿಂದೆ ಉತ್ತರ ಬರೆದ ಪಂಡಿತನೇ ಇಲ್ಲಿ ದೇವರನ್ನು ಪ್ರಶ್ನಿಸುತ್ತಾನೆ. ಸುಖದ ದಿನಗಳಲ್ಲಿ ತೆರೆದಿದ್ದ ಬಾಗಿಲು ಕಷ್ಟದ ದಿನ ಏಕೆ ಮುಚ್ಚಿ ಅಗುಳಿ ಹಾಕಿಕೊಂಡಿದೆ ಎಂದು ಕೇಳುತ್ತಾನೆ. ದೇವರಿಲ್ಲ ಎನ್ನುವಷ್ಟು ದೂರ ಹೋಗುವುದಿಲ್ಲ. ದೇವರು ಕ್ರೂರಿಯಾಗಿದ್ದರೆ ಏನು ಗತಿ ಎಂಬುದೇ ಅವನ ಭಯ.

ಸಂತೈಸಲು ಬಂದವರ ಬಗ್ಗೆಯೂ ಅಲ್ಲಿ ನಿಷ್ಠುರ ಮಾತುಗಳಿವೆ. ಎದುರು ಬರುವವರಿಗೆ ವಿಷಯ ಎತ್ತಬೇಕೋ ಬೇಡವೋ ತಿಳಿಯದೆ ಮುಜುಗರ. ಧರ್ಮದ ಸಮಾಧಾನವನ್ನು ಸುಲಭವಾಗಿ ಹಂಚುವವರಿಗೆ ದುಃಖ ಅರ್ಥವಾಗಿಲ್ಲ ಎಂಬ ಸಿಟ್ಟು. ಹಾಗೆಂದು ಪುಸ್ತಕ ಸಿಟ್ಟಿನಲ್ಲೇ ಮುಗಿಯುವುದಿಲ್ಲ. ಪುಟ ಸರಿದಂತೆ ಒಂದು ವಿಚಿತ್ರ ಅನುಭವ ದಾಖಲಾಗುತ್ತದೆ. ಅಳು ಸ್ವಲ್ಪ ಕಡಿಮೆಯಾದ ದಿನ ಹೆಂಡತಿಯ ನೆನಪು ಇನ್ನೂ ಸ್ಪಷ್ಟವಾಗಿ ಬಂತಂತೆ. ದೇವರ ಬಾಗಿಲೂ ಅಗುಳಿ ಹಾಕಿದಂತೆ ಕಾಣಲಿಲ್ಲವಂತೆ. ತಾನೇ ಜೋರಾಗಿ ಕೂಗುತ್ತಿದ್ದರಿಂದ ಒಳಗಿನ ದನಿ ಕೇಳಿಸದೆ ಹೋಯಿತೇನೋ ಎಂದು ಅವರು ಯೋಚಿಸುತ್ತಾರೆ. ಕಾಲು ಕತ್ತರಿಸಿದ ಮನುಷ್ಯ ಮರದ ಕಾಲಿನಲ್ಲಿ ನಡೆಯಲು ಕಲಿಯುತ್ತಾನೆ, ಆದರೆ ಎರಡು ಕಾಲಿನವನಾಗುವುದಿಲ್ಲ. ದುಃಖದಿಂದ ಗುಣವಾಗುವುದೆಂದರೆ ಅಷ್ಟೆ ಎಂಬುದನ್ನು ಅವರು ಬಚ್ಚಿಡುವುದಿಲ್ಲ.

ಒಬ್ಬ ವಿಶ್ವಾಸಿ ಹೀಗೆ ದೇವರ ಮೇಲೆ ಮುನಿಸಿಕೊಂಡು ಬರೆಯಬಹುದೇ ಎಂದು ನೀವು ಕೇಳಬಹುದು. ಹಳೆಯ ಒಡಂಬಡಿಕೆಯ ಯೋಬನ ಗ್ರಂಥವನ್ನು ತೆರೆದು ನೋಡಿ. ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರಾಗಿದ್ದರು. ಬಾಯಿ ತೆರೆದು ದೇವರ ಪರವಾಗಿ ವಕಾಲತ್ತು ವಹಿಸತೊಡಗಿದ ಮೇಲೆ ಅವರ ಮಾತು ಗಾಯಕ್ಕೆ ಉಪ್ಪಾಯಿತು. ಕೊನೆಯಲ್ಲಿ ದೇವರು ಮೆಚ್ಚಿದ್ದು ಯಾರ ಮಾತನ್ನು? ಅಳುತ್ತ ಪ್ರಶ್ನೆ ಕೇಳಿದ ಯೋಬನ ಮಾತನ್ನು. ಬೆಥಾನಿಯಲ್ಲಿ ಲಾಸರನನ್ನು ಎಬ್ಬಿಸಲಿದ್ದ ಪ್ರಭು ಯೇಸು ಕೂಡ ಮೊದಲು ಮರಿಯಳ ಜೊತೆ ಕಣ್ಣೀರಿಟ್ಟರು. ಅಳುವುದು ವಿಶ್ವಾಸದ ಕೊರತೆಯಾಗಿದ್ದರೆ ಅವರು ಅಳುತ್ತಿರಲಿಲ್ಲ.

ಮೈಸೂರಿನ ಒಂದು ಮನೆ

ಮೂರನೆಯ ಪುಸ್ತಕ ನಮಗೆ ಹತ್ತಿರದ್ದು. ಆರ್. ಕೆ. ನಾರಾಯಣ್ ಅವರ ಮಾಲ್ಗುಡಿಯ ಕಥೆಗಳನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. ಆ ನಗು ತುಂಬಿದ ಕಥೆಗಾರನ ಬದುಕಿನಲ್ಲಿ 1939ರಲ್ಲಿ ಕತ್ತಲೆ ಕವಿಯಿತು. ಮದುವೆಯಾಗಿ ಐದಾರು ವರ್ಷವೂ ಆಗುವ ಮೊದಲೇ ಪತ್ನಿ ರಾಜಮ್ ವಿಷಮಶೀತ ಜ್ವರದಿಂದ, ಅಂದರೆ ಟೈಫಾಯಿಡ್‌ನಿಂದ, ತೀರಿಕೊಂಡರು. ಪುಟ್ಟ ಮಗಳು ಉಳಿದಳು. ಆ ಕಾಲದಲ್ಲಿ ಟೈಫಾಯಿಡ್‌ಗೆ ನೇರವಾದ ಔಷಧವಿರಲಿಲ್ಲ. ಕ್ಲೋರಾಂಫೆನಿಕಾಲ್ ಎಂಬ ಮದ್ದು ಬಳಕೆಗೆ ಬಂದದ್ದು 1948ರಲ್ಲಿ. ಅದಕ್ಕೂ ಮೊದಲು ಮನೆಯವರು ಮಾಡಬಹುದಾಗಿದ್ದದ್ದು ಜ್ವರದ ಲೆಕ್ಕ ಬರೆಯುವುದು, ಹಣೆಗೆ ಒದ್ದೆ ಬಟ್ಟೆ ಹಾಕುವುದು, ವಾರಗಳನ್ನು ಎಣಿಸುವುದು.

ಆರು ವರ್ಷದ ಮೇಲೆ, 1945ರಲ್ಲಿ, ಅವರು 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯನ್ನು ಪ್ರಕಟಿಸಿದರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೃಷ್ಣನ್, ಅವನ ಹೆಂಡತಿ ಸುಶೀಲಾ, ಮಗು ಲೀಲಾ. ಹೊಸ ಮನೆ ನೋಡಲು ಹೋದ ಸಂತೋಷದ ದಿನವೇ ಸುಶೀಲಾಳಿಗೆ ಕಾಯಿಲೆ ಹತ್ತುತ್ತದೆ. ವೈದ್ಯರು ಮೊದಲು ಮಲೇರಿಯಾ ಎನ್ನುತ್ತಾರೆ, ಆಮೇಲೆ ಟೈಫಾಯಿಡ್ ಎನ್ನುತ್ತಾರೆ. ರೋಗಿಯ ಕೋಣೆಯ ಆ ದಿನಚರಿ, ಜ್ವರ ಏರಿದ್ದು ಇಳಿದದ್ದು, ಆಸೆ ಚಿಗುರಿದ್ದು ಬಾಡಿದ್ದು, ಎಲ್ಲವನ್ನೂ ಅವರು ಅಬ್ಬರವಿಲ್ಲದೆ ಬರೆದಿದ್ದಾರೆ. ತಾಯಿಯ ಕೋಣೆಯ ಬಾಗಿಲು ಏಕೆ ಮುಚ್ಚಿದೆ ಎಂದು ಮಗು ಕೇಳಿದಾಗ ದೊಡ್ಡವರು ಏನೋ ಒಂದು ನೆಪ ಹೇಳುತ್ತಾರೆ. ನಾವು ಮಕ್ಕಳಿಗೂ ನಿಜ ಹೇಳಲಾರದೆ ಹೇಗೆ ಒದ್ದಾಡುತ್ತೇವೆ ಎಂಬುದು ಅಲ್ಲಿ ಕಾಣುತ್ತದೆ.

ಮುಂದೆ 1974ರಲ್ಲಿ 'ಮೈ ಡೇಸ್' ಎಂಬ ಆತ್ಮಕಥೆಯಲ್ಲಿ, ತಮ್ಮ ಕಾದಂಬರಿಗಳಲ್ಲೆಲ್ಲ ಇದೇ ತಮ್ಮ ಬಾಳಿಗೆ ಅತಿ ಹತ್ತಿರದ್ದೆಂದು ಅವರು ಒಪ್ಪಿಕೊಂಡರು. ಅಂದರೆ ಅದೇ ದುಃಖವನ್ನು ಮೊದಲು ಕೃಷ್ಣನ್ ಎಂಬ ಬೇರೆ ಹೆಸರಿನ ಮರೆಯಲ್ಲಿ ಹೇಳಿದರು, ಮೂವತ್ತೈದು ವರ್ಷ ಕಳೆದ ಮೇಲೆ ತಮ್ಮದೆಂದು ಹೇಳಿದರು. ಲೂಯಿಸ್ ಅವರಿಗೂ ಮೊದಲು ಬೇರೆ ಹೆಸರು ಬೇಕಾಯಿತಲ್ಲವೇ? ದುಃಖದಲ್ಲಿರುವವರು ನೇರವಾಗಿ ಮಾತಾಡದಿದ್ದರೆ ನಾವು ಅವಸರಪಡಿಸಬಾರದು. ಸುತ್ತಿ ಬಳಸಿ ಹೇಳಲಿ, ಹತ್ತು ವರ್ಷ ಬಿಟ್ಟು ಹೇಳಲಿ, ಕೇಳುವ ಕಿವಿ ನಮ್ಮಲ್ಲಿರಬೇಕು.

ಈ ಕಾದಂಬರಿಯ ಎರಡನೆಯ ಅರ್ಧದಲ್ಲಿ ಕೃಷ್ಣನ್ ಮಧ್ಯವರ್ತಿಯೊಬ್ಬರ ಮೂಲಕ ಹೆಂಡತಿಯ ಆತ್ಮದೊಂದಿಗೆ ಸಂಪರ್ಕ ಬಯಸುತ್ತಾನೆ. ನಾರಾಯಣ್ ಅವರ ಸ್ವಂತ ಅನುಭವವೂ ಹಾಗೆಯೇ ಇತ್ತು. ಸತ್ತವರನ್ನು ಹೀಗೆ ಕರೆಸುವುದನ್ನು ಧರ್ಮಸಭೆ ಒಪ್ಪುವುದಿಲ್ಲವೆಂದು ನಿಮಗೆ ಗೊತ್ತಿದೆ. ಹಾಗೆಂದು ಪುಸ್ತಕವನ್ನು ಪಕ್ಕಕ್ಕೆ ಎಸೆಯಬೇಡಿ. ಹೋದವರು ಇಲ್ಲವಾಗಿಲ್ಲ, ಅವರೊಡನೆ ನನ್ನ ಸಂಬಂಧ ಕಡಿದಿಲ್ಲ ಎಂದು ತಿಳಿಯುವ ದಾಹ ಅಲ್ಲಿದೆ. ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುವ ನಮಗೆ ಆ ದಾಹ ಅಪರಿಚಿತವಲ್ಲ. ಕೃಷ್ಣನ್ ಕೊನೆಗೆ ಕಾಲೇಜಿನ ಕೆಲಸ ಬಿಟ್ಟು ಪುಟ್ಟ ಮಕ್ಕಳ ಶಾಲೆಗೆ ಸೇರುತ್ತಾನೆ. ಹೆಂಡತಿ ಹೋದ ಮೇಲೆ ಅವನ ಪ್ರೀತಿ ಒಣಗಲಿಲ್ಲ, ಬೇರೆ ಮಕ್ಕಳ ಕಡೆಗೆ ಹರಿಯಿತು.

ಹಾಗಾದರೆ ನಾವು ಮಾಡಬೇಕಾದದ್ದೇನು?

"ಎಲ್ಲರಿಗೂ ಎಲ್ಲವನ್ನೂ ಮುಖಕ್ಕೆ ಹೇಳಿಬಿಡಿ" ಎಂದು ಈ ಪುಸ್ತಕಗಳು ಹೇಳುತ್ತವೆಯೇ? ಇಲ್ಲ. ಸತ್ಯವನ್ನು ಕಲ್ಲಿನಂತೆ ಎಸೆಯುವುದೂ ಕ್ರೌರ್ಯವೇ. ಕೆಲವರಿಗೆ ತಿಳಿಯುವ ಇಷ್ಟವಿರುವುದಿಲ್ಲ, ಅದು ಅವರ ಹಕ್ಕು. ಆದರೆ ರೋಗಿ ತಾನಾಗಿಯೇ ಬಾಗಿಲು ತೆರೆದಾಗ ನಾವು ಅದನ್ನು ಮುಚ್ಚಬಾರದು. "ನಾನು ಉಳಿಯುತ್ತೇನೆಯೇ?" ಎಂದೇ ಕೇಳಬೇಕೆಂದಿಲ್ಲ. "ಮಗಳ ಮದುವೆ ನೋಡ್ತೀನೋ ಇಲ್ವೋ" ಎಂದೋ, "ತಮ್ಮ ಹೇಗಿದ್ದಾನೋ" ಎಂದೋ ಕೇಳಬಹುದು. ಆಗ "ಅದೆಲ್ಲ ಈಗ್ಯಾಕೆ" ಎನ್ನುವ ಬದಲು "ನಿಮಗೇನನ್ನಿಸುತ್ತೆ? ಹೇಳಿ, ನಾನಿದ್ದೀನಿ" ಎಂದರೆ ಸಾಕು. ಉಳಿದ ದಾರಿಯನ್ನು ಅವರೇ ತೋರಿಸುತ್ತಾರೆ.

ಮಾತು ಬಾರದಿದ್ದರೆ ಕೈಗೆ ಕೆಲಸ ಕೊಡಿ. ಕಾಲು ಒತ್ತಿ, ದಿಂಬು ಸರಿಪಡಿಸಿ, ತುಟಿ ಒದ್ದೆ ಮಾಡಿ. ಗೆರಾಸಿಮ್ ಓದು ಬರಹದಿಂದ ಕಲಿತು ಆ ಸೇವೆ ಮಾಡಲಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದ ಡಾ. ಸಿಸಿಲಿ ಸಾಂಡರ್ಸ್, ಸಾಯುವವರ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಕುಟುಂಬದ್ದು, ಆತ್ಮದ್ದು ಕೂಡ ಎಂದು ವೈದ್ಯ ಲೋಕಕ್ಕೆ ಕಲಿಸಿದರು. ನಮ್ಮ ಬೆಂಗಳೂರಿನಲ್ಲೂ 1994ರಲ್ಲಿ ಸ್ಥಾಪನೆಯಾದ ಟ್ರಸ್ಟ್ ಒಂದು ನಡೆಸುವ ಕರುಣಾಶ್ರಯದಲ್ಲಿ ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಇಂಥ ಆರೈಕೆ ಸಿಗುತ್ತದೆ. ಅಡುಗೆಮನೆಯ ಹುಡುಗನ ಮೂಲಕ ಟಾಲ್‌ಸ್ಟಾಯ್ ತೋರಿಸಿದ್ದನ್ನು ವೈದ್ಯಶಾಸ್ತ್ರ ಇಂದು ಉಪಶಾಮಕ ಆರೈಕೆ ಎಂಬ ಹೆಸರಿನಿಂದ ಕಲಿಸುತ್ತಿದೆ.

ಸಾವಿನ ಮನೆಗೆ ಹೋದಾಗ "ದೇವರ ಚಿತ್ತ" ಎಂಬ ಮಾತನ್ನು ಅವಸರದಿಂದ ಆಡಬೇಡಿ. ಆ ಮಾತು ನಿಜವೇ ಇರಬಹುದು, ಆದರೆ ಅದನ್ನು ಆಡುವ ಹಕ್ಕು ದುಃಖದಲ್ಲಿರುವವರದು. ಸತ್ತವರ ಹೆಸರು ಹಿಡಿದು ಮಾತಾಡಿ. ಹೆಸರೆತ್ತಿದರೆ ನೋವಾದೀತೆಂದು ನಾವು ಸುಮ್ಮನಾಗುತ್ತೇವೆ, ಯಾರೂ ಹೆಸರೆತ್ತದಿರುವುದೇ ಅವರಿಗೆ ದೊಡ್ಡ ನೋವು. ತಿಂಗಳ ಪೂಜೆಯಾಗಿ ನೆಂಟರೆಲ್ಲ ಊರಿಗೆ ಹೋದ ಮೇಲೆ, ನಿಜವಾದ ಒಂಟಿತನ ಶುರುವಾಗುವ ಹೊತ್ತಿಗೆ, ಇನ್ನೊಮ್ಮೆ ಆ ಮನೆಗೆ ಹೋಗಿ.

ಕೊನೆಗೆ ನನ್ನ ಮಾತು ಮುಗಿಸುತ್ತೇನೆ. ಟಾಲ್‌ಸ್ಟಾಯ್ ಅವರ ಕಥೆ ಓದಿದ ವಾರವೇ ನಾನು ಬಸ್ಸು ಹತ್ತಿ ಚಿಕ್ಕಪ್ಪನ ಮನೆಗೆ ಹೋದೆ. ಅವರಿಗೂ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. "ಚಿಕ್ಕಪ್ಪಾ, ಅಪ್ಪ ಕೊನೆಯಲ್ಲಿ ನಿಮ್ಮನ್ನ ಕೇಳಿದ್ರು. ನಾನೇ ಕರೆಸಲಿಲ್ಲ" ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೇಳಿದ್ನಾ? ಏನಂದ? ಇನ್ನೊಂದ್ಸಲ ಹೇಳು ಮಗಾ" ಎಂದರು. ಹೇಳಿದೆ. ಮತ್ತೆ ಹೇಳಿಸಿಕೊಂಡರು. ಆ ಸಂಜೆ ಇಬ್ಬರೂ ಅತ್ತೆವು. ಅಪ್ಪನಿಗೆ ಸಿಗಬೇಕಾಗಿದ್ದ ಸಮಾಧಾನವನ್ನು ಅದು ಅಪ್ಪನಿಗೆ ಕೊಡಲಿಲ್ಲ, ಆ ನಷ್ಟ ನಷ್ಟವೇ. ಚಿಕ್ಕಪ್ಪನಿಗೆ ಮಾತ್ರ ಅಣ್ಣ ಮರಳಿ ಸಿಕ್ಕಿದ.

ಓದುಗರೇ, ಈ ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ಬೀದಿಯಲ್ಲಿ ಮಲಗಿರುವ ಯಾರನ್ನಾದರೂ ನೋಡಲು ಹೋಗುತ್ತೀರಾ? ಹಣ್ಣು ಒಯ್ಯಿರಿ, ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತುಕೊಳ್ಳಿ. "ಏನೂ ಆಗೋದಿಲ್ಲ" ಎಂಬ ಮಾತು ನಾಲಗೆಯ ತುದಿಗೆ ಬಂದಾಗ ಅದನ್ನು ಒಂದು ಘಳಿಗೆ ತಡೆಹಿಡಿಯಿರಿ. ಮಂಚದ ಮೇಲಿರುವವರು ಏನು ಹೇಳಬೇಕೆಂದಿದ್ದಾರೋ ಅದಕ್ಕೆ ಮೊದಲು ಜಾಗ ಮಾಡಿಕೊಡಿ. ಯಾರನ್ನಾದರೂ ಕರೆಸಬೇಕೆಂದು ಅವರು ಕೇಳಿದರೆ, ದಯವಿಟ್ಟು ಅಂದೇ ಕರೆಸಿ.